ತಾಯಿಯ ಹೆಸರು ಬರೆಯದ ಪುಸ್ತಕ

“ಅಪ್ಪನ ಹೆಸರೇ ಗೊತ್ತಿಲ್ವಾ?” ಎಂದು ಕೇಳಿ ಕ್ರೈಸ್ತರ ಇಗರ್ಜಿಯ ಗುಮಾಸ್ತ ನಕ್ಕ. ನಕ್ಕದ್ದು ನನ್ನ ಅಮ್ಮನ ಮುಖ ನೋಡಿ. ವಾರ ಕಳೆದರೂ ನನ್ನ ಸಿಟ್ಟು ಇಳಿದಿಲ್ಲ.

ಅಮ್ಮ ಬಂದರಿನಲ್ಲಿ ಮೀನು ಮಾರಿ ನನ್ನನ್ನು ಓದಿಸಿದವಳು. ಈಗ ಕಾಲು ಊದಿಕೊಂಡಿದೆ. ಆದರೂ ನನ್ನ ಭುಜ ಹಿಡಿದು ಇಗರ್ಜಿಯ ಗುಡ್ಡ ಹತ್ತಿದ್ದು ತನ್ನ ಅಕ್ಕನ ಸುಳಿವು ಸಿಕ್ಕೀತೆಂಬ ಆಸೆಯಿಂದ. ಹರೆಯದಲ್ಲೇ ಕ್ರೈಸ್ತಳಾಗಿ, ಹೆಸರು ಬದಲಿಸಿಕೊಂಡು, ಉಳ್ಳಾಲದ ಮನೆಯಿಂದ ಹೊರಟುಹೋದ ಅಕ್ಕ. ನನಗೆ ದೊಡ್ಡಮ್ಮ. (ಅಂದು ಮನೆಯವರು ಬಾಗಿಲು ಹಾಕಿಕೊಂಡರು. ಅವರ ಮೇಲೂ ನನಗೆ ಸಿಟ್ಟಿದೆ.)

ಇಷ್ಟು ವರ್ಷದ ಮೇಲೆ ಈ ಹುಡುಕಾಟ ಏಕೆ? ನಮ್ಮದು ಅಳಿಯಸಂತಾನ. ಕುಟುಂಬ ಮುಂದುವರಿಯುವುದು ಹೆಣ್ಣುಮಕ್ಕಳಿಂದ. ಅಮ್ಮನಿಗೆ ಇರುವವನು ನಾನೊಬ್ಬ. ನನಗೆ ಹೆಣ್ಣುಮಕ್ಕಳಿದ್ದಾರೆ, ಆದರೆ ಅವರು ನನ್ನ ಹೆಂಡತಿಯ ಕುಟುಂಬದವರು. ನನ್ನ ಅಜ್ಜಿಯ ಕುಟುಂಬ ಇನ್ನೂ ಉಳಿದಿದ್ದರೆ ಅದು ದೊಡ್ಡಮ್ಮನ ಹೆಣ್ಣುಮಕ್ಕಳಲ್ಲಿ ಮಾತ್ರ.

“ಒಂದು ಹೆಣ್ಣಾದ್ರೂ ಉಂಟು ಅಂತ ಕಣ್ಣಲ್ಲಿ ನೋಡಿದ್ರೆ ಸಾಕು ಮಗಾ. ಮತ್ತೆ ಸಮಾಧಾನದಲ್ಲಿ ಹೋಗ್ತೇನೆ” ಎನ್ನುತ್ತಾಳೆ ಅಮ್ಮ.

ಮೊದಲು ಸರ್ಕಾರಿ ಕಚೇರಿಗೆ ಹೋಗಿದ್ದೆ. ಹತ್ತು ವರ್ಷಕ್ಕೊಮ್ಮೆ ಬಾಗಿಲಿಗೆ ನಂಬರ್ ಬಳಿದು, ಮನೆಮಂದಿಯ ಹೆಸರು ಬರೆದುಕೊಂಡು ಹೋಗುತ್ತಾರಲ್ಲ, ಆ ಹಳೆಯ ಸೆನ್ಸಸ್ ಕಾಗದ ತೋರಿಸಿ ಎಂದೆ. ಹೆಡ್ ಕ್ಲಾರ್ಕಿಗೆ ನನ್ನ ಮೇಲೆ ಕನಿಕರ ಬಂತು.

“ಲೆಕ್ಕ ಆದ ಮೇಲೆ ಅದನ್ನು ಯಾರು ಇಡ್ತಾರೆ ಮಾರಾಯ್ರೇ? ಹೆಸರು ಕಟ್ಟಿಕೊಂಡು ಮದ್ರಾಸಿನ ಸರ್ಕಾರದವರಿಗೆ ಎಂತ ಆಗ್ಬೇಕು? ಎಲ್ಲ ಹರಿದು ಬಿಸಾಡಿ ಆಯ್ತು.”

ಎಷ್ಟು ಮಂದಿ ಇದ್ದರೆಂದು ಸರ್ಕಾರಕ್ಕೆ ಗೊತ್ತಿದೆ. ಯಾರಿದ್ದರೆಂದು ಗೊತ್ತಿಲ್ಲ. ತಲೆ ಎಣಿಸುವುದಷ್ಟೇ ಕೆಲಸವಾದರೆ ಹೆಸರು ಕೇಳಿದ್ದು ಯಾವ ಚಂದಕ್ಕೆ?

ಇಗರ್ಜಿಯವರು ಪುಣ್ಯಕ್ಕೆ ಪುಸ್ತಕ ಉಳಿಸಿಕೊಂಡಿದ್ದಾರೆ. (ಧರ್ಮದ ಮೇಲೆ ನನಗೆ ಜಗಳವಿಲ್ಲ. ಯಾವ ದೇವರನ್ನು ನಂಬಿದರೂ ದೊಡ್ಡಮ್ಮ ನಮ್ಮವಳೇ.) ಆದರೆ ಅದರಲ್ಲಿ ಬರೆದಿರುವುದೇನು? ಸೇರಿದವರ ಹೊಸ ಹೆಸರು, ಜಾತಿ, ತಂದೆಯ ಹೆಸರು. ನಮ್ಮ ಮೊಗವೀರ ಜಾತಿಯ ಹುಡುಗಿಯರೇ ಹಲವರಿದ್ದರು. ದೊಡ್ಡಮ್ಮನ ಹೊಸ ಹೆಸರು ನಮಗೆ ಗೊತ್ತಿಲ್ಲ. ಅವರಲ್ಲಿ ನಮ್ಮವಳು ಯಾರು?

“ತಂದೆ ಹೆಸರು ಹೇಳಿ, ಹುಡುಕ್ತೇನೆ” ಎಂದ ಗುಮಾಸ್ತ.

“ಅವಳ ಅಪ್ಪ ಬೇರೆ, ನನ್ನ ಅಪ್ಪ ಬೇರೆ” ಎಂದಳು ಅಮ್ಮ. “ಅವಳ ಅಪ್ಪ ನಾನು ಹುಟ್ಟುವ ಮೊದಲೇ ಕಡಲಲ್ಲಿ ಹೋದರು. ಅವರ ಹೆಸರನ್ನು ಮನೆಯಲ್ಲಿ ಯಾರೂ ಹೇಳ್ತಿರಲಿಲ್ಲ. ನಮ್ಮ ಅಮ್ಮನ ಹೆಸರು ದುಗ್ಗಮ್ಮ. ಅದನ್ನು ನೋಡಿ.”

“ತಾಯಿ ಹೆಸರು ಇದರಲ್ಲಿ ಬರೆದಿಲ್ಲ.” ಆಮೇಲೆ ಬಂದದ್ದೇ ಆ ಪ್ರಶ್ನೆ, ಆ ನಗು.

ಮೈಯೆಲ್ಲ ಉರಿದುಹೋಯಿತು. ಗಂಡ ಸತ್ತವಳು ಮತ್ತೆ ಮದುವೆಯಾಗುವುದು ನಮ್ಮಲ್ಲಿ ನಾಚಿಕೆಯ ವಿಷಯವಲ್ಲ. ನಾಚಬೇಕಾದವನು ನಕ್ಕವನು. ಅಮ್ಮ ತೋಳು ಹಿಡಿದು ಎಳೆಯದಿದ್ದರೆ ಅವನಿಗೆ ನಾಲ್ಕು ಮಾತು ಹೇಳಿಯೇ ಬರುತ್ತಿದ್ದೆ.

ಮೊನ್ನೆ ಆದಿತ್ಯವಾರ ಅಮ್ಮ ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ ಇಗರ್ಜಿಯ ಗೇಟಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದಾಳೆ. ಪ್ರಾರ್ಥನೆ ಮುಗಿಸಿ ಹೊರಬರುವ ಒಬ್ಬೊಬ್ಬ ಹುಡುಗಿಯನ್ನೂ ತಡೆದು ಕೇಳುತ್ತಿದ್ದಾಳೆ: “ನಿನ್ನ ಅಜ್ಜಿ ಯಾರ ಮಗಳು ಮಗಾ? ಉಳ್ಳಾಲದ ದುಗ್ಗಮ್ಮನ ಮಗಳಾ?”

ಪುಸ್ತಕ ಇಟ್ಟ ದೊಡ್ಡವರೇ, ಇದೊಂದು ಹೆಸರನ್ನು ಕೇಳಿ ಬರೆದಿಡಲು ನಿಮಗೆ ಎಷ್ಟು ಮಸಿ ಖರ್ಚಾಗುತ್ತಿತ್ತು?