ಖಾಲಿ ಸೀಟಿನ ಪಕ್ಕದ ಜಾಲರಿ

ಮನೆಯಲ್ಲಿ ಕುಲೆಯ, ಅಂದರೆ ಸತ್ತವರ, ಉಪದ್ರ ಉಂಟು, ಲೈಟು ತನ್ನಷ್ಟಕ್ಕೆ ಹೋಗಿ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಮೊದಲು ಅರ್ತಿಂಗ್ ಸರಿ ಉಂಟಾ ನೋಡಿ ಎನ್ನುವ ಜನ ನಾನು. ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ. ಸತ್ತವರು ನಮ್ಮ ನಡುವೆ ಕೂತು ಎದ್ದು ಮಾಡುತ್ತಾರೆ ಎನ್ನುವುದನ್ನು ಮಾತ್ರ ಒಪ್ಪಿದವನಲ್ಲ. ಮೂಡುಬಿದಿರೆಯಲ್ಲಿ ವಾಹನಗಳ ವಯರಿಂಗ್, ಎ.ಸಿ. ರಿಪೇರಿ ಮಾಡಿಕೊಂಡಿರುವವನಿಗೆ ಅದಕ್ಕೆಲ್ಲ ಪುರುಸೊತ್ತೂ ಇಲ್ಲ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದಿಲ್ಲ. ನನ್ನ ಹೆಂಡತಿಯೇ ಪೂರ್ತಿ ನಂಬಿಲ್ಲ.

ಕೆಲವು ವರ್ಷದ ಹಿಂದಿನ ಮಾತು. ಶುಭಕಾರ್ಯ ಮಾಡದ ಆಟಿ ತಿಂಗಳು, ಮಧ್ಯಾಹ್ನ ಊಟ ಆಗಿತ್ತಷ್ಟೆ. ಪುತ್ತಿಗೆಯ ಸಂಜೀವಣ್ಣ ಫೋನ್ ಮಾಡಿದರು. ಅವರದ್ದು ಸೆಕೆಂಡ್ ಹ್ಯಾಂಡ್ ತೆಗೆದ ಹಳೆಯ ಹೈಬ್ರಿಡ್ ಕಾರು, ಪೆಟ್ರೋಲ್ ಇಂಜಿನಿನ ಜೊತೆ ದೊಡ್ಡ ಬ್ಯಾಟರಿಯೂ ಇರುವಂಥದ್ದು. ವೇಣೂರು ದಾರಿಯಲ್ಲಿ ಕೆಂಪು ದೀಪ ಹೊತ್ತಿ ನಿಂತಿದೆಯಂತೆ. "ಒಮ್ಮೆ ಬಾ ಮಾರಾಯ, ಅಕ್ಕ ಜೊತೆಗಿದ್ದಾಳೆ, ಮದುವೆಗೆ ಹೊರಟದ್ದು" ಎಂದರು. ಆಟಿಯಲ್ಲಿ ಯಾರ ಮದುವೆ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಸ್ಕೂಟರಿನಲ್ಲಿ ಹೋದೆ. ಜಿಟಿಜಿಟಿ ಮಳೆ. ಕಾರಿನ ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಸಂಜೀವಣ್ಣನ ಅಕ್ಕ ಲೀಲಕ್ಕ ಕೂತಿದ್ದರು. ಇನ್ನೊಂದು ಬದಿಯಲ್ಲಿ ಮಡಚಿದ ಹೊಸ ಸೀರೆ, ರವಿಕೆ, ಬಳೆ, ಒಂದು ಚೆಂಡು ಮಲ್ಲಿಗೆ. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಘಟ್ಟದ ಮೇಲಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಸಣ್ಣದರಲ್ಲಿ ತೀರಿಹೋದ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದ ಮೇಲೆ ಅವರಿಗೂ ಮದುವೆ ಮಾಡಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಲೀಲಕ್ಕನ ಒಬ್ಬಳೇ ಮಗಳು ತೊಟ್ಟಿಲಲ್ಲೇ ಹೋದವಳು. ಹಾಗೆಯೇ ಹೋದ ಗಂಡೊಂದು, ಗೋತ್ರದ ಹಾಗಿನ ಬಳಿ ಎಲ್ಲ ನೋಡಿ, ಅಂತೂ ಬೆಳ್ತಂಗಡಿ ಕಡೆ ಸಿಕ್ಕಿತ್ತು. ಅದಕ್ಕಾಗಿ ಆ ಹೆಂಗಸು ಕಾದದ್ದು ಸ್ವಲ್ಪ ಕಾಲವಲ್ಲ.

"ಬೇರೆ ಕಾರು ಮಾಡಿಕೊಂಡು ಹೋಗಿ ಸಂಜೀವಣ್ಣ, ಇದನ್ನು ಆಮೇಲೆ ನೋಡುವ" ಎಂದೆ. ಅವರು ತಲೆಯಲ್ಲಾಡಿಸಿದರು. ಮನೆಯಲ್ಲಿ ದೀಪ ಇಟ್ಟು, ಬಾ ಮಗಾ ಎಂದು ಕರೆದು ಮಗಳನ್ನು ಈ ಸೀಟಿನಲ್ಲಿ ಕೂರಿಸಿದ್ದಂತೆ. ಗಂಡಿನ ಮನೆ ಮುಟ್ಟುವವರೆಗೆ ನಡುವೆ ಇಳಿಸುವ ಕ್ರಮ ಇಲ್ಲವಂತೆ. ಆ ಕಡೆಯಿಂದ ಮೇಲಿಂದ ಮೇಲೆ ಫೋನ್ ಬರುತ್ತಿತ್ತು. ದಾರಿಯಲ್ಲೇ ತಡೆ ಬಂತೆಂದು ಅವರು ಬೇಡ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಲೀಲಕ್ಕ ನನ್ನ ಕೈಯನ್ನೇ ನೋಡುತ್ತಿದ್ದರು. ಹಾಗೆ ಯಾರಾದರೂ ನೋಡುತ್ತಿದ್ದರೆ ನನಗೆ ಕೈಕಾಲು ಓಡುವುದಿಲ್ಲ.

ಕಾರಿನ ದೋಷ ತೋರಿಸುವ ಸ್ಕ್ಯಾನರ್ ಹಾಕಿದೆ. ದೊಡ್ಡ ಬ್ಯಾಟರಿ ವಿಪರೀತ ಬಿಸಿಯಾಗಿತ್ತು. ಅದು ಇರುವುದು ಹಿಂದಿನ ಸೀಟಿನ ಬೆನ್ನಿಗೆ. ಸೀರೆ ಇಟ್ಟ ಬದಿಯಲ್ಲಿ, ಸೀಟಿನ ಪಕ್ಕ ಭುಜದ ಎತ್ತರಕ್ಕೆ ಇರುವ ಒಂದು ಜಾಲರಿಯಿಂದ ಕಾರಿನೊಳಗಿನ ಗಾಳಿಯನ್ನು ಫ್ಯಾನ್ ಎಳೆದುಕೊಂಡು ಬ್ಯಾಟರಿಯನ್ನು ತಣ್ಣಗೆ ಇಡಬೇಕು. ಡಿಕ್ಕಿ ತೆರೆದು ನೋಡಿದರೆ ಫ್ಯಾನಿನ ಕನೆಕ್ಟರಿಗೆ ಹಸಿರು ಕಿಲುಬು ಹಿಡಿದಿತ್ತು. ಸದ್ಯ, ಇಷ್ಟೇ ಎಂದುಕೊಂಡೆ. ಕೆರೆದು ಹಾಕಿದೆ, ಫ್ಯಾನ್ ಗುಂಯ್ ಎಂದು ಹೊರಟಿತು. ಬಿಸಿ ಮಾತ್ರ ಒಂದು ಚೂರೂ ಇಳಿಯಲಿಲ್ಲ.

ಆಮೇಲೆ ಶುರುವಾಯಿತು ನನ್ನ ತಲೆಬಿಸಿ. ಫಿಲ್ಟರ್ ಬಿಚ್ಚಿದೆ, ಚೊಕ್ಕ ಇತ್ತು. ಗಾಳಿ ಹೋಗುವ ಕೊಳವೆಯೊಳಗೆ ಟಾರ್ಚ್ ಬಿಟ್ಟೆ, ಖಾಲಿ. ಸ್ಕ್ಯಾನರಿನಿಂದ ಫ್ಯಾನನ್ನು ಪೂರ್ತಿ ವೇಗಕ್ಕೆ ಹಾಕಿ, ಜಾಲರಿಯ ಹತ್ತಿರ ಟಿಶ್ಯೂ ಪೇಪರ್ ಹಿಡಿದೆ. ಗಾಳಿ ಎಳೆಯುತ್ತಿದ್ದರೆ ಅದು ಜಾಲರಿಗೆ ಅಂಟಿ ನಿಲ್ಲಬೇಕು. ಬಿಟ್ಟ ಕೂಡಲೇ ಸೀಟಿನ ಮೇಲೆ ಬಿತ್ತು. ಪುನಃ ಹಿಡಿದೆ, ಪುನಃ ಬಿತ್ತು. ಸೀರೆ, ಮಲ್ಲಿಗೆ ಎಲ್ಲ ಕೆಳಗಿದ್ದವು, ಜಾಲರಿಗೆ ಯಾವುದೂ ತಾಗುತ್ತಿರಲಿಲ್ಲ. ಫ್ಯಾನ್ ತಿರುಗುತ್ತದೆ, ದಾರಿ ತೆರೆದಿದೆ, ಗಾಳಿ ಮಾತ್ರ ಹೋಗುವುದಿಲ್ಲ ಎಂದರೆ ಏನು ಮಾಡುವುದು ಹೇಳಿ. ಆ ಮಳೆಯಲ್ಲೂ ನಾನು ಬೆವರಿದೆ. ಸಂಜೀವಣ್ಣನ ಫೋನ್ ಮತ್ತೆ ಬಡಿದುಕೊಳ್ಳುತ್ತಿತ್ತು.

"ಅಲ್ಲಿಂದ ಗಾಳಿ ಹೋಗ್ಬೇಕಾ?" ಎಂದು ಕೇಳಿದರು ಲೀಲಕ್ಕ.

"ಹೌದಮ್ಮ. ಏನೋ ಅಡ್ಡ ಇದ್ದ ಹಾಗೆ ಆಗ್ತಾ ಉಂಟು."

ಅವರು ಖಾಲಿ ಸೀಟಿನ ಕಡೆ ತಿರುಗಿದರು. ಬಸ್ಸಿನಲ್ಲಿ ಪಕ್ಕ ಕೂತ ಮಗಳಿಗೆ ಹೇಳುವ ಸ್ವರದಲ್ಲಿ, "ಸ್ವಲ್ಪ ಈಚೆ ಸರಿ ಮಗಾ. ಅವರಿಗೆ ಕೆಲಸ ಮಾಡ್ಲಿಕ್ಕೆ ಆಗುದಿಲ್ಲ" ಎಂದರು.

ನನ್ನ ಬೆರಳಿನ ನಡುವಿನ ಪೇಪರ್ ಎಳೆದ ಹಾಗೆ ಹೋಗಿ ಜಾಲರಿಗೆ ಅಂಟಿತು.

ನಾನು ಕೈ ಹಿಂದೆ ತೆಗೆದೆ. ಹೆದರಿದೆ, ಸುಳ್ಳು ಯಾಕೆ ಹೇಳಲಿ. ಸ್ಕ್ಯಾನರಿನಲ್ಲಿ ಬಿಸಿ ಇಳಿಯತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಕೆಂಪು ದೀಪ ಹೋಯಿತು. ಸಂಜೀವಣ್ಣ ಎರಡೂ ಕೈ ಮುಗಿದು ಗಂಡಿನ ಕಡೆಯವರಿಗೆ "ಹೊರಟೆವು" ಎಂದು ಫೋನ್ ಮಾಡಿದರು.

ಮರುವಾರ ಆ ಕಾರನ್ನು ಶೆಡ್ಡಿಗೆ ತರಿಸಿ ಇಡೀ ದಿನ ಜಾಲಾಡಿದೆ. ಕೊಳವೆಯೊಳಗೆ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡು ಮತ್ತೆ ಜಾರಿತೇ, ಕನೆಕ್ಟರ್ ತಡವಾಗಿ ಹಿಡಿಯಿತೇ ಎಂದು ನನಗೆ ತೋಚಿದ್ದನ್ನೆಲ್ಲ ನೋಡಿದೆ. ಬೇಕೆಂದೇ ಜಾಲರಿ ಮುಚ್ಚಿ ತೆರೆದೂ ನೋಡಿದೆ. ಹೀಗೆ ಆಗಿರಬಹುದು ಎನ್ನುವ ಒಂದು ಕಾರಣವೂ ಸಿಗಲಿಲ್ಲ. ಆ ತೊಂದರೆ ಮತ್ತೆ ಬರಲೂ ಇಲ್ಲ. ಈಗಲೂ ಇಂಥ ಕಾರು ಬಂದರೆ ಹಿಂದಿನ ಬಾಗಿಲು ತೆರೆಯುವ ಮೊದಲು ನನಗೆ ಒಂಥರಾ ಆಗುತ್ತದೆ, ಸುಮ್ಮನೆ ಆಚೀಚೆ ನಡೆದಾಡುತ್ತೇನೆ.

ಆದರೆ ನನ್ನನ್ನು ಹೆಚ್ಚು ಕೊರೆಯುವುದು ಪೇಪರಿನ ವಿಷಯವಲ್ಲ. ಅವರು ಹೊರಡುವ ಮೊದಲು ಲೀಲಕ್ಕ ಸೀಟಿನ ಮೇಲೆ ಗೇಣಿಟ್ಟು ಜಾಲರಿಯವರೆಗೆ ಅಳೆದರು. ಅಳೆದು, ತನ್ನ ಭುಜ ಮುಟ್ಟಿ ನೋಡಿಕೊಂಡರು. ಜಾಲರಿ ಅವರ ಭುಜಕ್ಕಿಂತ ಸ್ವಲ್ಪ ಮೇಲೆಯೇ ಇತ್ತು.

"ನನಗಿಂತ ಎತ್ತರ ಆಗಿದ್ದಾಳೆ" ಎಂದರು. ಅವರ ಮುಖದಲ್ಲಿದ್ದದ್ದು ಸಂತೋಷವೇ. ಮರುಕ್ಷಣ ಆ ಮಡಚಿದ ರವಿಕೆಯನ್ನು ಕೈಗೆತ್ತಿಕೊಂಡು, ಬೇರೆ ಯಾರೂ ಇಲ್ಲದವರ ಹಾಗೆ ನನ್ನನ್ನೇ ಕೇಳಿದರು. "ಇದು ನನ್ನ ಅಳತೆಗೆ ಹೊಲಿಸಿದ್ದು. ಬಿಗಿ ಆಗ್ತದೋ ಏನೋ?"

ಅರ್ತಿಂಗ್ ಸರಿ ಉಂಟಾ ಎಂದು ಕೇಳುವ ಮನುಷ್ಯ ನಾನು. ಆ ಹೊತ್ತಿಗೆ ಹೇಗೆ ಬಾಯಿಗೆ ಬಂತೋ ಇವತ್ತಿಗೂ ತಿಳಿಯುವುದಿಲ್ಲ.

"ಒಳಗೆ ಬಟ್ಟೆ ಬಿಟ್ಟಿರ್ತಾರಮ್ಮ" ಎಂದೆ. "ಒಂದು ಹೊಲಿಗೆ ಬಿಚ್ಚಿದ್ರೆ ಸರಿಯಾಗ್ತದೆ."