ನೆಟ್ಟಗೆ ನಿಂತ ಲವಂಗ

ಟಪ್... ಟಪ್... ಟಪ್. ಸುರುಳಿಕೊಳವೆಯಿಂದ ಗಾಜಿನ ಜಾಡಿಗೆ ಹನಿ ಬೀಳುವ ಸದ್ದು. ಎಣ್ಣೆ ಇಳಿಸುವ ಆ ಶೆಡ್ಡಿನಲ್ಲಿ, ಎಲ್ಲರೂ ಲವಂಗದಕ್ಕ ಎನ್ನುವ ಅವಳಿಗೆ ಇದು ಇಪ್ಪತ್ತೆರಡನೆಯ ವರ್ಷ. ಲವಂಗದ ಹಬೆ ತಣಿದು ಜಾಡಿಗಿಳಿದಾಗ ನೀರು ಮೇಲೆ, ಎಣ್ಣೆ ತಳದಲ್ಲಿ. ಸೇರಿದ ಮೊದಲ ವಾರ, ಬೇರೆ ಎಣ್ಣೆಗಳಂತೆ ಇದೂ ತೇಲುತ್ತದೆಂದು ನಂಬಿ ತಳದ್ದನ್ನೆಲ್ಲ ಮೋರಿಗೆ ಬಿಟ್ಟಿದ್ದಳು. ಮೂರು ದಿನ ಮೋರಿ ಘಮಘಮಿಸಿತ್ತು. ಯಜಮಾನರು ಇವತ್ತಿಗೂ ಅದನ್ನೇ ಹೇಳಿ ಕಾಲೆಳೆಯುತ್ತಾರೆ.

ಆ ಘಮವೇ ಈಗ ಅವಳಿಗಿಲ್ಲ. ಮೂರು ತಿಂಗಳ ಹಿಂದಿನ ಜ್ವರ ವಾಸನೆಯನ್ನೆಲ್ಲ ಒರೆಸಿಕೊಂಡು ಹೋಗಿತ್ತು. ದಿನಾ ಎರಡು ಹೊತ್ತು ಲವಂಗ ಮೂಸಿ ನೋಡಿ, ವಾಸನೆ ನಿಧಾನವಾಗಿ ಮರಳಬಹುದು ಎಂದಿದ್ದರು ಡಾಕ್ಟರು. ಮೂಸುತ್ತಲೇ ಇದ್ದಾಳೆ, ಯಾರಿಗೂ ಹೇಳದೆ. ಮೂಸಿ ಸರಕು ಆರಿಸುವವಳಿಗೆ ಮೂಗೇ ಇಲ್ಲವೆಂದು ಗೊತ್ತಾದರೆ ಕೆಲಸ ಉಳಿದೀತೆ?

ಯಜಮಾನರು ಒಂದು ಕೈಯಲ್ಲಿ ಕೆನ್ನೆ, ಇನ್ನೊಂದರಲ್ಲಿ ಎರಡು ಪೊಟ್ಟಣ ಲವಂಗ ಹಿಡಿದು ಬಂದರು.

"ಯಾವುದೋ ಒಂದರಲ್ಲಿ ಮಾರೋರು ಆಗಲೇ ಎಣ್ಣೆ ತೆಗೆದು ನಮಗೆ ಟೋಪಿ ಹಾಕ್ತಿದ್ದಾರೆ ಅಂತ ಅನುಮಾನ. ಮೂಸಿ ಹೇಳಮ್ಮ."

ಅಕ್ಕ ಪೊಟ್ಟಣಗಳನ್ನು ತೆಗೆದುಕೊಂಡಳು. "ಹಲ್ಲು ಇನ್ನೂ ನೋಯ್ತಿದೆಯಾ ಸಾರ್?" ಎಂದು ಮಾತು ಮರೆಸಿದಳು.

"ನಿನ್ನ ಎಣ್ಣೇಲಿ ಹತ್ತಿ ಅದ್ದಿ ಇಟ್ಕೊಂಡಿದ್ದೀನಿ. ಪರವಾಗಿಲ್ಲ."

"ಅದರಲ್ಲಿರೋ ಯೂಜಿನಾಲ್ ನೋವಿಗೆ ಜೋಮು ಹಿಡಿಸುತ್ತೆ ಅಷ್ಟೆ. ಹುಳುಕು ಹಾಗೇ ಇರುತ್ತೆ. ಹಲ್ಲಿನ ಡಾಕ್ಟರಿಗೆ ಎಷ್ಟು ದಿನ ತಪ್ಪಿಸ್ಕೊಂಡು ಓಡಾಡ್ತೀರಿ?"

ಹೇಳುತ್ತಲೇ ಎರಡು ಲೋಟಗಳಿಗೆ ನೀರು ತುಂಬಿ, ಒಂದೊಂದಕ್ಕೆ ಒಂದೊಂದು ಪೊಟ್ಟಣದ ಲವಂಗ ಉದುರಿಸಿದಳು. ಒಂದರಲ್ಲಿ ಅವು ತಲೆ ಮೇಲೆ ಮಾಡಿ ನೆಟ್ಟಗೆ ನಿಂತವು. ಇನ್ನೊಂದರಲ್ಲಿ ಎಲ್ಲವೂ ಅಡ್ಡಡ್ಡ ತೇಲಿದವು.

"ಇದು ಬೇಡ. ಎಣ್ಣೆ ಹೋಗಿದೆ, ಅದಕ್ಕೇ ಮಲಗಿವೆ."

ನಿಂತದ್ದರಲ್ಲಿ ಒಂದನ್ನು ಅಗಿದಳು. ನಾಲಿಗೆ ಚುರ್ರೆಂದಿತು. ಆ ಚುರುಕಿಗೆ ಮೂಗು ಬೇಕಿಲ್ಲ, ಅದರ ದಾರಿಯೇ ಬೇರೆ. ಜ್ವರ ಅದನ್ನು ಮುಟ್ಟಿರಲಿಲ್ಲ.

"ಮೂಗಿನ ಹತ್ತಿರಾನೂ ತರಲಿಲ್ಲವಲ್ಲ ನೀನು?"

ಇನ್ನು ಮುಚ್ಚಿಡಲಾಗಲಿಲ್ಲ. "ವಾಸನೆ ಗೊತ್ತಾಗಲ್ಲ ಸಾರ್. ಮೂರು ತಿಂಗಳಾಯ್ತು. ನಿನ್ನೆ ಮಾತ್ರ ಒಂದು ಕ್ಷಣ, ಏನೋ ಸಿಹಿಯಾಗಿ, ದಾರದೆಳೆಯಷ್ಟು..."

"ಮೂರು ತಿಂಗಳು! ಅಷ್ಟೂ ಸರಕು ಹೇಗೆ ಆರಿಸಿದೆ?"

"ಹೀಗೇ. ನೀರಲ್ಲಿ ಹಾಕಿ, ಅಗಿದು."

ಯಜಮಾನರು ಲೋಟಗಳನ್ನು ನೋಡಿದರು, ಅವಳನ್ನು ನೋಡಿದರು. ಈ ಮೂರು ತಿಂಗಳಲ್ಲಿ ಒಂದು ಬಾಟಲಿಯೂ ತಿರುಗಿ ಬಂದಿರಲಿಲ್ಲ.

"ಅಲ್ಲಮ್ಮಾ, ಹೇಳೋಕೇನಾಗಿತ್ತು? ನಾನೇನು ಹುಲೀನಾ? ನಾಳೆಯಿಂದ ಈ ಲೋಟದ ಪರೀಕ್ಷೆ ನನಗೂ ಕಲಿಸು, ಆಮೇಲೆ..."

ಟಪ್ ಟಪ್ ಟಪಟಪಟಪ. ಹನಿಗಳ ನಡಿಗೆ ಬದಲಾಗಿತ್ತು, ಉರಿ ಜಾಸ್ತಿಯಾಗಿದೆ. ಯಜಮಾನರಿಗೆ ಅದು ಕೇಳಿಸಲೇ ಇಲ್ಲ. ಅಕ್ಕ ಅವರ ಮಾತು ಮುಗಿಯುವವರೆಗೂ ಕಾಯದೆ ಒಲೆಯ ಕಡೆ ನಡೆದಳು.