ಲೀಟರಿಗೆ ಒಂಬತ್ತು

ಪೆಟ್ರೋಲಿನ ವಾಸನೆ ಬಂದರೆ ಕೆಲವರಿಗೆ ತಲೆನೋವು ಬರುತ್ತದೆ. ನನಗೆ ಮದುವೆಮನೆ ನೆನಪಾಗುತ್ತದೆ. ಈವತ್ತು ಭಾನುವಾರ, ಬೆಳಿಗ್ಗೆ ಹೊನ್ನಾಳಿಯ ಬಂಕಿನಲ್ಲಿ ಕಾರಿನ ಕಿಟಕಿ ಇಳಿಸಿದೆ ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸ್ಟಿಯರಿಂಗ್ ಹಿಡಿದುಕೊಂಡು ನನ್ನಷ್ಟಕ್ಕೆ ನಗತೊಡಗಿದೆ. ಪಕ್ಕದಲ್ಲಿ ಬೈಕು ನಿಲ್ಲಿಸಿಕೊಂಡಿದ್ದ ಹಿರಿಯರೊಬ್ಬರು ನಮ್ಮ ಕಾರನ್ನು ಮೂತಿಯಿಂದ ಬಾಲದವರೆಗೆ ನಿಧಾನವಾಗಿ ನೋಡಿ ಮುಗಿಸಿ, “ಎಷ್ಟು ಕೊಡ್ತೈತಮ್ಮ ಇದು?” ಎಂದು ಕೇಳಿದರು. ನನಗೆ ನಗು ಇನ್ನೂ ಹೆಚ್ಚಾಯಿತು.

ನಮ್ಮ ಕಡೆ ಯಾರಾದರೂ ಕಾರು ತಂದರೆ ಅದರ ಬಣ್ಣ, ವೇಗ ಯಾರಿಗೂ ಬೇಕಾಗುವುದಿಲ್ಲ. ಎಷ್ಟು ಕೊಡ್ತೈತೆ ಅನ್ನುವುದೊಂದೇ ಪ್ರಶ್ನೆ. ಹಸು ತಂದವರಿಗೂ ಇದೇ ಪ್ರಶ್ನೆ. ಈ ಪ್ರಶ್ನೆ ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದವರು ನಮ್ಮ ಮನೆಯವರು. ನ್ಯಾಮತಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಾನು ಅದೇ ಊರಿನ ಅಂಚೆ ಕಚೇರಿಯಲ್ಲಿದ್ದೇನೆ. ಹೊನ್ನಾಳಿಯಿಂದ ದಿನಾ ಇಬ್ಬರೂ ಒಟ್ಟಿಗೆ ಹೋಗಿಬರುತ್ತೇವೆ. ಇವರಿಗೆ ಕಾರು ಓಡಿಸಲು ಬರುವುದಿಲ್ಲ, ಓಡಿಸುವವಳು ನಾನು. ಆದರೆ ಪೆಟ್ರೋಲು ಉಳಿಸುವವರು ಇವರು. ಪಕ್ಕದ ಸೀಟಿನಲ್ಲಿ ಕೂತು, “ಮುಂದೆ ಹಂಪ್ ಐತೆ, ಈಗ್ಲೇ ಕಾಲು ತೆಗಿ” ಎನ್ನುವರು. ಇಳಿಜಾರು ಬಂದರೆ ಅವರ ಮುಖ ಅರಳುತ್ತಿತ್ತು. ಭಾರ ಹೆಚ್ಚಾಗುತ್ತದೆಂದು ಹಿಂದಿನ ಸೀಟಿನಲ್ಲಿದ್ದ ನನ್ನ ಛತ್ರಿಯನ್ನು ಮನೆಯಲ್ಲಿಳಿಸಿ, ಮಳೆಯಲ್ಲಿ ನನ್ನೊಂದಿಗೆ ತಾವೂ ನೆನೆದ ಮನುಷ್ಯ.

ಆಗ ನಮ್ಮಲ್ಲಿದ್ದದ್ದು ಒಂದು ಪುಟ್ಟ ಕಾರು. ಲೀಟರಿಗೆ ಇಪ್ಪತ್ತೆರಡು ಕೊಡುತ್ತಿತ್ತು. ಅದನ್ನು ಅಳೆಯುವ ಶಾಸ್ತ್ರವೂ ಇವರದೇ. ಟ್ಯಾಂಕು ಕಂಠಪೂರ್ತಿ ತುಂಬಿಸಬೇಕು. ಪೆಟ್ರೋಲು ಮೂಲೆ ಮೂಲೆಗೂ ಇಳಿಯಲೆಂದು ಕಾರಿನ ಹಿಂಭಾಗಕ್ಕೆ ಎರಡೂ ಕೈ ಕೊಟ್ಟು ಅಳ್ಳಾಡಿಸಬೇಕು. ಅಳ್ಳಾಡಿ ತಗ್ಗಿದಷ್ಟನ್ನು ಮತ್ತೆ ತುಂಬಿಸಬೇಕು. ಓಡಿಸಿಕೊಂಡು ಬಂದು ಮತ್ತೆ ಹಾಗೆಯೇ ತುಂಬಿಸಿ ಭಾಗಿಸಬೇಕು. ಬಂಕಿನವರು ಇವರನ್ನು ದೂರದಿಂದ ಕಂಡರೇ, “ಮೇಷ್ಟ್ರು ಬಂದ್ರು, ಅಳ್ಳಾಡ್ಸಾಕೆ ಜಾಗ ಬಿಡ್ರಪ್ಪ” ಎನ್ನುತ್ತಿದ್ದರು.

ನನಗೋ ದಾವಣಗೆರೆಯ ಒಂದು ಹಳೆ ಕಾರಿನ ಅಂಗಡಿಯಲ್ಲಿ ನಿಂತಿದ್ದ ಉದ್ದನೆಯ ಕಾರಿನ ಮೇಲೆ ಕಣ್ಣು. ಸಾಮಾನ್ಯ ಕಾರಿನ ಚಾವಣಿ ಹಿಂದಿನ ಸೀಟಿಗೆ ಇಳಿದುಹೋಗುತ್ತದಲ್ಲ, ಇದರದು ಇಳಿಯದೆ ಹಾಗೆಯೇ ಹಿಂದಕ್ಕೆ ಚಾಚಿಕೊಂಡು, ಡಿಕ್ಕಿಯೇ ಒಂದು ಪಡಸಾಲೆಯಂತಿತ್ತು. ಎಸ್ಟೇಟ್ ಕಾರು ಅಂತಾರೆ ಮೇಡಂ ಎಂದಿದ್ದ ಅಂಗಡಿಯವನು. ಜೊತೆಗೆ ಟರ್ಬೊ ಬೇರೆ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರವಂತೆ ಅದು; ಒಲೆಗೆ ಊದುಗೊಳವೆ ಇದ್ದ ಹಾಗೆ. ಮೆಲ್ಲಗೆ ಹೋದರೆ ಸುಮ್ಮನಿರುತ್ತದೆ, ಒತ್ತಿದರೆ ಭುಗ್ಗೆಂದು ಏಳುತ್ತದೆ. ಇವರು ಕೇಳಿದ್ದು ಒಂದೇ ಮಾತು. ಅಂಗಡಿಯವನು ತಲೆ ಕೆರೆದು, “ಹನ್ನೊಂದು, ಹನ್ನೆರಡು ಕೊಡ್ತೈತೆ ಸಾರ್” ಎಂದ. ಇವರು ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. ಮದುವೆಯಾದ ಮೇಲೆ ಬೀದಿಯಲ್ಲಿ ಇವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಕಾರಿನ ಕಥೆ ಅಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯದಂತೆ ಮಾಡಿದವಳು ನನ್ನ ಅಕ್ಕ.

ಅಕ್ಕ ಚನ್ನಗಿರಿಯಲ್ಲಿ ಪ್ರಾಥಮಿಕ ಶಾಲೆಯ ಹೆಡ್‌ಮೇಡಂ. ಐವತ್ತೆರಡು ವರ್ಷವಾದರೂ ಮದುವೆಯಾಗಿರಲಿಲ್ಲ. ಆಗಬಾರದೆಂದು ಶಪಥವೇನೂ ಮಾಡಿದವಳಲ್ಲ. ತಮ್ಮಂದಿರ ಓದು, ನನ್ನ ಮದುವೆ, ಅಪ್ಪನ ಕಾಯಿಲೆ ಎಂದು ಒಂದಾದ ಮೇಲೊಂದು ಬಂದು, ಆಮೇಲೆ ಯಾರೂ ಕೇಳುವುದನ್ನೇ ಬಿಟ್ಟರು. ಅಂಥವಳನ್ನು ಒಂದು ಚುನಾವಣೆಯಲ್ಲಿ ಉಬ್ರಾಣಿಯ ಮತಗಟ್ಟೆಗೆ ಹಾಕಿದರು. ಅದೇ ಮತಗಟ್ಟೆಗೆ ಜಗಳೂರು ತಾಲ್ಲೂಕಿನಿಂದ ಬಂದವರು ತಿಪ್ಪೇಸ್ವಾಮಿ. ಬಿಳಿಚೋಡಿನವರು, ದನದ ಡಾಕ್ಟರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅಕ್ಕನ ಕುರ್ಚಿಗೆ ಒಂದು ಕಾಲು ಗಿಡ್ಡ ಇತ್ತಂತೆ. ಅವರು ಎದ್ದು ತಮ್ಮ ಕುರ್ಚಿ ಇವಳಿಗೆ ಕೊಟ್ಟು, ದಿನವೆಲ್ಲ ಆ ಗಿಡ್ಡ ಕಾಲಿನ ಕುರ್ಚಿಯ ಮೇಲೆ ಓಲಾಡುತ್ತ ಮತದಾರರ ಬೆರಳಿಗೆ ಶಾಯಿ ಹಚ್ಚಿದರಂತೆ. “ಆ ಮನುಷ್ಯ ಒಂದು ಸಲಾನೂ ಗೊಣಗಲಿಲ್ಲ ಕಣೆ” ಎಂದು ಅಕ್ಕ ಫೋನಿನಲ್ಲಿ ಹೇಳಿದಾಗಲೇ ನನಗೆ ಅನುಮಾನ ಬಂತು. ಮತದಾರರು ಯಾರನ್ನು ಗೆಲ್ಲಿಸಿದರೋ ಮರೆತಿದ್ದೇನೆ. ನಮ್ಮ ಮನೆಗೆ ಭಾವ ಬಂದರು.

ಮದುವೆ ಬಿಳಿಚೋಡಿನಲ್ಲಿ, ಸರಳವಾಗಿ. ನಮ್ಮ ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಬುದ್ಧನ ಮುಂದೆ ದೀಪ ಹಚ್ಚಿ ಹಾರ ಬದಲಾಯಿಸುವುದೇ ಮದುವೆ. ತಿಪ್ಪೇಸ್ವಾಮಿಯವರ ತಾಯಿ, “ಒಂದು ಅರಿಶಿನದ ದಾರಾನೂ ಇರ್ಲಿ, ನನ್ ಸಮಾಧಾನಕ್ಕೆ” ಎಂದರು. ಅಕ್ಕ ಸಂತೋಷದಿಂದ ಒಪ್ಪಿದಳು. ಸಂತೋಷ ಸ್ವಲ್ಪ ಹೆಚ್ಚೇ ಆಗಿತ್ತು ಎನ್ನಬೇಕು. ಮದುವೆಗೆ ಎರಡು ವಾರವಿದೆ ಎನ್ನುವಾಗ ಶಾಲೆಯ ಅಂಗಳದಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುವುದನ್ನು ಕಂಡು, ಸೀರೆ ಎತ್ತಿ ಕಟ್ಟಿ ತಾನೂ ಕುಂಟಲು ಹೋಗಿ, ಮೂರನೇ ಮನೆಯಲ್ಲಿ ಬಿದ್ದು ಕಾಲು ಮುರಿದುಕೊಂಡಳು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ಕಾಲು ಮಡಿಸುವಂತಿಲ್ಲ, ಎಲ್ಲಿಗೆ ಹೋಗುವುದಾದರೂ ಮಲಗಿಕೊಂಡೇ ಹೋಗಬೇಕು ಎಂದರು ಆಸ್ಪತ್ರೆಯಲ್ಲಿ.

“ನಾವೇನು ಮುಹೂರ್ತ ನೋಡೋರಲ್ಲ, ಮುಂದಕ್ಕೆ ಹಾಕಿದ್ರಾತು ಬಿಡಕ್ಕ” ಎಂದೆ.

“ಐವತ್ತೆರಡು ವರ್ಷ ಮುಂದಕ್ಕೆ ಹಾಕಿದ್ದು ಸಾಕಾಗಿಲ್ಲೇನೇ?” ಎಂದಳು.

ಆಂಬುಲೆನ್ಸ್ ಮಾಡೋಣವೆಂದರೆ, ಮದುಮಗಳು ಸೈರನ್ ಹಾಕ್ಕೊಂಡು ಹೋದರೆ ಬೀಗರು ಎದ್ದು ಓಡಿಹೋಗುತ್ತಾರೆ ಎಂದಳು. ಗೂಡ್ಸ್ ಆಟೋ ಎಂದರೆ ನಾನೇನು ಮೆಕ್ಕೆಜೋಳದ ಚೀಲವೇ ಎಂದಳು. ನಮ್ಮ ಪುಟ್ಟ ಕಾರಿನಲ್ಲಿ ಅವಳ ಕಾಲು ಕಿಟಕಿಯಿಂದಾಚೆ ಹೋಗಿ ಎದುರಿಗೆ ಬಂದವರಿಗೆ ಕೈ ತೋರಿಸಿದ ಹಾಗಾಗುತ್ತಿತ್ತು.

ಆ ಶನಿವಾರ ಕೆಲಸದಿಂದ ಬಂದು ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಇವರು ಗೋಡೆ ನೋಡಿಕೊಂಡು, “ಆ ಉದ್ದನೆ ಕಾರು ಇನ್ನೂ ಐತೇನು?” ಎಂದು ಕೇಳಿದರು. ನಾನು ಲೋಟ ಕೆಳಗಿಟ್ಟೆ. ಎರಡನೆಯ ಸಲ ಹೇಳಿಸಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂದು ತಕ್ಷಣ ಚಪ್ಪಲಿ ಮೆಟ್ಟಿಕೊಂಡೆ.

ಅಂಗಡಿಯಲ್ಲಿ ನಡೆದದ್ದನ್ನು ನೀವು ನೋಡಬೇಕಾಗಿತ್ತು. ಅಕ್ಕನೂ ಇವರೂ ಒಂದೇ ಎತ್ತರ. ಹಿಂದಿನ ಸೀಟು ಮಡಚಿಸಿ, ಇವರು ಡಿಕ್ಕಿಯ ಕಡೆಯಿಂದ ಹತ್ತಿ ಅಂಗಾತ ಮಲಗಿ, ಒಂದು ಕಾಲು ನೆಟ್ಟಗೆ ಚಾಚಿ, ಬಾಗಿಲು ಹಾಕಿಸಿಕೊಂಡರು. ಒಳಗಿನಿಂದ, “ಒಂದ್ ರೌಂಡ್ ಹೊಡಿ” ಎಂದರು. ಅಂಗಡಿಯವನು ನನ್ನ ಮುಖ ನೋಡಿದ. ಹಿಂದೆ ಗಂಡನನ್ನು ಮಲಗಿಸಿಕೊಂಡು ನಾನು ದಾವಣಗೆರೆಯ ಬೀದಿ ಸುತ್ತಿದೆ. ಹಂಪಿನ ಮೇಲೆ ಹತ್ತಿಸಿದಾಗಲೆಲ್ಲ, “ಪರವಾಗಿಲ್ಲ, ಕಾಲಿಗೆ ತಾಗ್ಲಿಲ್ಲ” ಎನ್ನುವ ವರದಿ ಹಿಂದಿನಿಂದ ಬರುತ್ತಿತ್ತು. ಪುಟ್ಟ ಕಾರನ್ನು ಅಲ್ಲೇ ಕೊಟ್ಟು ಉದ್ದನೆಯದನ್ನು ತಂದೆವು.

ತಂದ ಮೇಲೆ ಶುರುವಾಯಿತು ಹೋಲಿಕೆ. ನ್ಯಾಮತಿಗೆ ಹೋದರೆ ಹನ್ನೊಂದು, ಬಂದರೆ ಹನ್ನೆರಡು. ಹಳೇ ಸೊಸೆಯನ್ನು ನೆನೆನೆನೆದು ಹೊಸ ಸೊಸೆಯ ಅಡುಗೆ ಉಣ್ಣುವ ಅತ್ತೆಯಂತಾದರು ಇವರು. “ಅದು ಆಗಿದ್ರೆ ಇಷ್ಟೊತ್ತಿಗೆ ಇನ್ನೂ ಅರ್ಧ ಲೀಟರ್ ಉಳೀತಿತ್ತು” ಎಂದು ನಿಟ್ಟುಸಿರು ಬಿಡುವರು. ಈ ಕಾರಿನಲ್ಲಿ ಆ ಗಳಿಗೆಯ ಮೈಲೇಜು ಎಷ್ಟೆಂದು ತೋರಿಸುವ ಪುಟ್ಟ ಪರದೆಯೊಂದು ಬೇರೆ ಇತ್ತು. ರಸ್ತೆ ನೋಡುವವಳು ನಾನು, ಪರದೆ ನೋಡುವವರು ಇವರು. ನಾನು ಸ್ವಲ್ಪ ಒತ್ತಿದರೆ ಸಾಕು, ಪಕ್ಕದಿಂದ ಹಲ್ಲುನೋವಿನವರು ನರಳಿದಂಥ ಸದ್ದು.

ಮದುವೆಯ ದಿನ ಬೆಳಿಗ್ಗೆ ಚನ್ನಗಿರಿಗೆ ಹೋಗಿ, ಡಿಕ್ಕಿಯಲ್ಲಿ ಹಾಸಿಗೆ ಹಾಸಿ, ಬಿಳಿ ರೇಷ್ಮೆ ಸೀರೆಯ ಅಕ್ಕನನ್ನು ಮಲಗಿಸಿಕೊಂಡೆವು. ಪ್ಲಾಸ್ಟರಿನ ತುಂಬ ಶಾಲೆಯ ಮಕ್ಕಳು ಬಣ್ಣದ ಪೆನ್ನಿನಲ್ಲಿ ಹೂವು ಬರೆದಿದ್ದರು. ಅಕ್ಕನಿಗೆ ಕಾಣುತ್ತಿದ್ದದ್ದು ಆಕಾಶ ಮಾತ್ರ. “ಈಗ ಹುಣಸೆಮರ ಬಂತು. ಈಗ ಕರೆಂಟ್ ವೈರು. ಈಗ ಯಾವ್ದೋ ಪಕ್ಷದ ಬಾವುಟ” ಎಂದು ಅವಳು ಮೇಲಿನ ಲೋಕದ ಸುದ್ದಿ ಹೇಳುತ್ತ ಬಂದಳು. ದಾವಣಗೆರೆಯಲ್ಲಿ ಇವರು ಬಂಕಿಗೆ ತಿರುಗಿಸೆಂದರು. ಟ್ಯಾಂಕು ತುಂಬಿಸಿ, ಇಳಿದು ಹಿಂದೆ ಹೋಗಿ, ಅಭ್ಯಾಸಬಲದಿಂದ ಅಳ್ಳಾಡಿಸತೊಡಗಿದರು.

“ಯಾಕ್ ಮೇಷ್ಟ್ರೇ,” ಎಂದಿತು ಒಳಗಿನಿಂದ ಅಕ್ಕನ ದನಿ, “ಮದ್ವೆಗೆ ಮುಂಚೇನೇ ತೊಟ್ಲು ತೂಗ್ತೀರಲ್ರಿ.”

ಬಂಕಿನಲ್ಲಿದ್ದವರೆಲ್ಲ ನಕ್ಕರು. ಇವರು ಕೆಂಪಗಾಗಿ ಬಂದು ಕೂತರು.

ಜಗಳೂರಿನ ರಸ್ತೆ ಹಿಡಿದ ಮೇಲೆ ಹೊಲಗಳು ಬಯಲಾದವು, ಮರಗಳು ಕಡಿಮೆಯಾದವು. ಹಿಂದಿನಿಂದ ಸುದ್ದಿ ಬರುವುದೂ ನಿಂತುಹೋಯಿತು. ಮೊದಲು ನಿದ್ದೆ ಬಂದಿರಬೇಕೆಂದುಕೊಂಡೆ. ಬಿಳಿಚೋಡು ಹತ್ತಿರವಾಗುತ್ತಿದ್ದಂತೆ, “ಕಾರ್ ನಿಲ್ಸೇ” ಎಂದಳು. ನಿಲ್ಲಿಸಿ ಹಿಂದಿನ ಬಾಗಿಲು ಎತ್ತಿದೆ. ಅಕ್ಕನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿದಿತ್ತು.

“ವಾಪಸ್ ಹೋಗಾನ. ಕೂದಲು ನರೆತಾವೆ, ಕಾಲು ಮುರಿದೈತೆ. ನಾಕು ಜನ ಎತ್ತಿ ಇಳಿಸ್ಬೇಕು ನನ್ನ. ಅವ್ರು ಪಾಪ ಮಾತು ಕೊಟ್ಟೀನಿ ಅಂತ ಬೇಡ ಅನ್ನಾಕೆ ಆಗ್ದೆ ಸುಮ್ನದಾರೆ. ನನಗೆ ಯಾರ ಕನಿಕರಾನೂ ಬೇಡ.”

ಹುಟ್ಟಿದಾಗಿನಿಂದ ನನ್ನನ್ನು ಸಮಾಧಾನ ಮಾಡುತ್ತ ಬಂದವಳು ಅವಳು. ಅವಳನ್ನು ಸಮಾಧಾನ ಮಾಡುವುದು ನನಗೆ ರೂಢಿಯಿರಲಿಲ್ಲ. ಆಗ ಪಕ್ಕದಲ್ಲಿ ನಿಂತಿದ್ದ ಇವರು ಗಂಟಲು ಸರಿಮಾಡಿಕೊಂಡು, “ವಾಪಸ್ ಹೋಗಾಕೆ ಆಗಲ್ಲಕ್ಕಾ. ಪೆಟ್ರೋಲ್ ಖಾಲಿ ಆಗೈತೆ. ಬಿಳಿಚೋಡಿಗೆ ಸರಿಯಾಗಿ ಸಾಲ್ತೈತೆ, ಅಷ್ಟೇ” ಎಂದರು.

ಅಕ್ಕ ಕತ್ತೆತ್ತಿ ಅವರನ್ನು ನೋಡಿದಳು. “ಈಗಿನ್ನೂ ತೂಗಿ ತೂಗಿ ತುಂಬ್ಸಿದ್ರಲ್ರಿ?”

“ಟರ್ಬೊ ಐತಲ್ಲಕ್ಕಾ,” ಎಂದರು ಇವರು, ಬಹಳ ಗಂಭೀರವಾಗಿ. “ಕುಡ್ದುಬಿಡ್ತೈತೆ.”

ಪೆಟ್ರೋಲಿನ ವಿಷಯದಲ್ಲಿ ಇವರು ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅಕ್ಕ ಒಂದು ಗಳಿಗೆ ತುಟಿ ಬಿಗಿ ಹಿಡಿದಿದ್ದಳು. ಆಮೇಲೆ ನಗು ಬಂತು ನೋಡಿ, ಪ್ಲಾಸ್ಟರಿನ ಕಾಲು ಕೂಡ ಕುಣಿಯತೊಡಗಿತು. ನಗುತ್ತಲೇ ಕಣ್ಣೊರೆಸಿಕೊಂಡು, ಫೋನು ಕೊಡು ಎಂದಳು. ತಿಪ್ಪೇಸ್ವಾಮಿಯವರಿಗೆ ತಾನೇ ಮಾಡಿದಳು.

“ನೋಡ್ರಿ, ನೇರ ಕೇಳ್ತೀನಿ, ನೇರ ಹೇಳ್ರಿ. ಕುಂಟಿ ಆಗೀನಿ. ಮನಸ್ಸಿನಾಗೆ ಹಿಂದೆ ಮುಂದೆ ಇದ್ರೆ ಈಗ್ಲೇ ಹೇಳಿಬಿಡ್ರಿ.”

ಸ್ಪೀಕರಿನಲ್ಲಿ ಅವರ ನಿಧಾನದ ದನಿ ಕೇಳಿತು. “ನಾನು ದಿನಾ ನಾಕು ಕಾಲಿನವುಗಳ ಜೊತೆ ಇರೋನು ಮೇಡಂ. ಎರಡಿದ್ರೂ ನನಗೆ ಕಮ್ಮೀನೇ, ಒಂದಿದ್ರೂ ಕಮ್ಮೀನೇ. ನೀವು ಬರ್ರಿ. ಬೆಳಿಗ್ಗೆಯಿಂದ ಬಾಗಿಲಾಗೇ ನಿಂತೀನಿ, ನನ್ ಕಾಲು ನೋಯ್ತಾ ಐತೆ.”

ಅಕ್ಕ ಫೋನನ್ನು ಎದೆಯ ಮೇಲಿಟ್ಟುಕೊಂಡು ಆಕಾಶ ನೋಡಿದಳು. “ನಡೀರಿ” ಎಂದಳು.

ನಾನು ಎಂದಿನಂತೆ ಮೆಲ್ಲಗೆ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇವರು ಜೇಬಿನಿಂದ ಕರವಸ್ತ್ರ ತೆಗೆದು, ಬಿಚ್ಚಿ, ಆ ಮೈಲೇಜಿನ ಪರದೆಯ ಮೇಲೆ ಹೊದಿಸಿದರು. ಆಮೇಲೆ ರಸ್ತೆಯನ್ನೇ ನೋಡುತ್ತ, “ಒತ್ತು” ಎಂದರು.

“ಏನ್ರೀ?”

“ಒತ್ತು ಅಂದೆ.”

ಒತ್ತಿದೆ. ಟರ್ಬೊ ಎದ್ದಿತು. ಖಾಲಿ ರಸ್ತೆ, ಎರಡೂ ಕಡೆ ಬಯಲು. ಬೆನ್ನ ಹಿಂದೆ ಯಾರೋ ಕೈಯಿಟ್ಟು ಮುಂದಕ್ಕೆ ದೂಡಿದ ಹಾಗಾಯಿತು. ಅಕ್ಕ ಹಿಂದಿನಿಂದ, “ಅಯ್ಯೋ, ಮೋಡಗಳೆಲ್ಲ ಓಡಾಕೆ ಹತ್ಯಾವೆ ಕಣೆ” ಎಂದು ಕೂಗಿದಳು. ಮೂರೂ ಜನ ಶಾಲೆ ಬಿಟ್ಟ ಮಕ್ಕಳ ಹಾಗೆ ನಗುತ್ತ ಬಿಳಿಚೋಡು ತಲುಪಿದೆವು.

ಅಕ್ಕನನ್ನು ಇಳಿಸುವ ಪ್ರಸಂಗವೇ ಬರಲಿಲ್ಲ. ತಿಪ್ಪೇಸ್ವಾಮಿಯವರು ಕಾರನ್ನು ಬೇವಿನ ಮರದ ನೆರಳಿಗೆ ಹಿಮ್ಮುಖವಾಗಿ ನಿಲ್ಲಿಸಲು ಹೇಳಿ, ಒಳಗಿಂದ ಬುದ್ಧನ ಪಟವನ್ನೂ ದೀಪವನ್ನೂ ಒಂದು ಮೇಜಿನ ಸಮೇತ ಹೊರಗೆ ತರಿಸಿದರು. ಡಿಕ್ಕಿಯ ಬಾಗಿಲು ಮೇಲೇರಿತು. ಅಕ್ಕ ದಿಂಬಿಗೆ ಒರಗಿ, ಹೂವಿನ ಚಿತ್ರಗಳ ಕಾಲನ್ನು ಮುಂದೆ ಚಾಚಿ ಕೂತಿದ್ದಳು. ತಲೆಯ ಮೇಲೆ ಚಪ್ಪರದಂತೆ ಕಾರಿನ ಬಾಗಿಲು. ಅಲ್ಲೇ ಹಾರ ಬದಲಾದವು. ಅಕ್ಕನ ಅತ್ತೆಮ್ಮ ಅರಿಶಿನದ ದಾರ ಮಗನ ಕೈಗೆ ಕೊಟ್ಟು, “ನಾಕು ಮಂದಿ ಮುಂದಿನ ಬಾಗಿಲಾಗೆ ಬಂದ್ರೆ ನನ್ ಸೊಸೆ ಹಿಂದಿನ ಬಾಗಿಲಾಗೆ ಬಂದ್ಳು” ಎಂದು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದರು. ಇವರು ಒಂದು ಕೈಯಲ್ಲಿ ಆ ಬಾಗಿಲನ್ನು ಹಿಡಿದುಕೊಂಡು, ತಾನಾಗಿಯೇ ನಿಲ್ಲುತ್ತದೆಂದು ನಾನೆಷ್ಟು ಹೇಳಿದರೂ ಬಿಡದೆ, ಮದುವೆ ಮುಗಿಯುವವರೆಗೂ ನಿಂತಿದ್ದರು.

ಮರಳಿ ಬರುವಾಗ ದಾವಣಗೆರೆಯಲ್ಲಿ ಮತ್ತೆ ತುಂಬಿಸಿ ಲೆಕ್ಕ ಹಾಕಿದರು. “ಒಂಬತ್ತು” ಎಂದರು. ಫೇಲಾದ ಹುಡುಗನ ಅಂಕ ಹೇಳುವ ದನಿಯನ್ನು ನಿರೀಕ್ಷಿಸಿದ್ದೆ. ಇವರು ಮೀಸೆಯಡಿಯಲ್ಲಿ ನಗುತ್ತಿದ್ದರು. ದಾರಿಯುದ್ದಕ್ಕೂ ಮತ್ತೆ ಮತ್ತೆ, ಯಾರದೋ ಸಾಹಸ ನೆನೆಸಿಕೊಳ್ಳುವವರಂತೆ, “ಒಂಬತ್ತೇ ಅಂತೆ” ಎಂದುಕೊಂಡರು.

ಅಕ್ಕನ ಕಾಲು ಕೂಡಿಕೊಂಡಿದೆ. ಬಿಳಿಚೋಡಿಗೆ ಹತ್ತಿರದ ಶಾಲೆಗೆ ವರ್ಗ ಮಾಡಿಸಿಕೊಂಡು, ಸಂಜೆ ಹೊತ್ತು ಗಂಡನ ಜೊತೆ ಕುರಿಹಟ್ಟಿಗಳಿಗೆ ಹೋಗಿ, ಅವರು ಔಷಧಿ ಕುಡಿಸುವಾಗ ಕುರಿಗಳ ಬಾಯಿ ಹಿಡಿಯುತ್ತಾಳೆ. ಕಾರಣವಿಲ್ಲದಿದ್ದರೂ ತಿಂಗಳಿಗೊಮ್ಮೆ ನಾವು ಹೋಗುತ್ತೇವೆ. ಈವತ್ತೂ ಅಲ್ಲಿಗೇ ಹೊರಟಿದ್ದೆವು.

ಬಂಕಿನಿಂದ ಹೊರಬಂದು ಎಂದಿನಂತೆ ದಾವಣಗೆರೆಯ ರಸ್ತೆ ಹಿಡಿಯಲಿದ್ದೆ. ಇವರು ಕಿಟಕಿಯ ಮೇಲೆ ಮೊಣಕೈ ಊರಿ ಗಾಳಿಗೆ ಮುಖವೊಡ್ಡಿ ಕೂತಿದ್ದರು.

“ಸೂಳೆಕೆರೆ ತುಂಬೈತಂತೆ,” ಎಂದರು. “ಏರಿ ಮೇಲೆ ಹೋಗಾನ.”

“ಅದು ಸುತ್ತು ರೀ. ಬಹಳ ದೂರ ಆಗ್ತೈತೆ.”

“ಹೂಂ. ಆಗ್ತೈತೆ,” ಎಂದು ಹಿಂದಕ್ಕೆ ಕೈ ಚಾಚಿ ಹಿಂದಿನ ಕಿಟಕಿಯನ್ನೂ ಇಳಿಸಿದರು.